ಪ್ಲಾಸ್ಮಿಡ್ಡಿಗೆ ಇಟ್ಟ ಕುಂಕುಮ

ಅಂಚೆಯಲ್ಲಿ ಬಂದದ್ದು ಅಂಗೈಯಗಲದ ಒಂದು ಸೋಸುಕಾಗದ; ನಡುವೆ ಪೆನ್ಸಿಲಿನಲ್ಲಿ ಬರೆದ, ರೂಪಾಯಿ ನಾಣ್ಯದಷ್ಟು ದೊಡ್ಡ ವೃತ್ತ, ವೃತ್ತದೊಳಗೆ ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲ. ಅಲ್ಲಿ ಒಂದು ಹನಿ ಒಣಗಿತ್ತು, ಆ ಹನಿಯಲ್ಲಿ ನನ್ನ ಪಿಎಚ್‌.ಡಿ.ಯೆಲ್ಲ ಇತ್ತು ಎಂದರೆ ನೀವು ನಗಬಹುದು. ನಮ್ಮಪ್ಪ ನಗಲಿಲ್ಲ, ನಂಬಿದರು. ಎಡವಟ್ಟಾದದ್ದು ಅಲ್ಲೇ.

ಹನಿಯಲ್ಲಿದ್ದದ್ದು ಪ್ಲಾಸ್ಮಿಡ್, ಅಂದರೆ ಬ್ಯಾಕ್ಟೀರಿಯಾದೊಳಗೆ ಹೊಕ್ಕು ಬಾಳಬಲ್ಲ, ಬಳೆಯಂತೆ ದುಂಡಗಿನ ಡಿಎನ್‌ಎ. ಮನುಷ್ಯನ ಜೀವಕೋಶ ಎರಡಾಗುವಾಗ ದುಡಿಯುವ ಒಂದು ಪ್ರೋಟೀನಿನ ಬರಹವನ್ನು, ಅಂದರೆ ಜೀನನ್ನು, ಕಳಿಸಿದ ಲ್ಯಾಬಿನವರು ಬೇಕೆಂದೇ ಒಂದು ಕಡೆ ಕೆಡಿಸಿ ಆ ಬಳೆಯಲ್ಲಿ ಕೂರಿಸಿದ್ದರು; ಕೆಟ್ಟದ್ದು ಎಲ್ಲಿ ಎಡವುತ್ತದೆಂದು ನೋಡಿದರೆ ಸರಿಯಾದದ್ದು ಹೇಗೆ ನಡೆಯುತ್ತದೆಂದು ತಿಳಿಯುತ್ತದಲ್ಲ. ಇನ್ನೂ ಸೊಗಸೆಂದರೆ, ಸಕ್ಕರೆಯನ್ನು ಹೋಲುವ ಒಂದು ರಾಸಾಯನಿಕ ಬೀಳುವ ತನಕ ಆ ಬರಹ ಬಾಯಿ ಬಿಡುವುದಿಲ್ಲ, ಬಿದ್ದೊಡನೆ ಪ್ರೋಟೀನು ತಯಾರಾಗತೊಡಗುತ್ತದೆ. ಈ ಸಂಯಮ ನಮ್ಮ ಓಣಿಯ ಎಷ್ಟೋ ಜನರಿಗಿಲ್ಲ.

ಅಪ್ಪನಿಗೆ ಮಾತ್ರ ಅದು ಅತಿಯಾಗಿತ್ತು. ಭದ್ರಾವತಿಯ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದವರು, ನಿವೃತ್ತರಾಗಿ ಶಿವಮೊಗ್ಗದ ವಿನೋಬನಗರಕ್ಕೆ ಬಂದ ಮೇಲೆ ಮಾತನ್ನೇ ಬಿಟ್ಟಿದ್ದರು. ಆಯುಧಪೂಜೆಯ ದಿನ ಮಾತ್ರ ಹಳೆಯ ಹುರುಪು; ದುಡಿಯುವ ವಸ್ತು ಒಂದೂ ಕುಂಕುಮವಿಲ್ಲದೆ ಉಳಿಯಬಾರದೆಂಬುದು ಅವರ ಕಾರ್ಖಾನೆಯ ರೂಢಿ. ಸ್ಕೂಟರು, ಮಿಕ್ಸಿ, ಹೊಲಿಗೆ ಯಂತ್ರ, ಈಳಿಗೆಮಣೆ ಎಲ್ಲ ಮುಗಿಸಿ, ಲ್ಯಾಬಿಗೆ ರಜೆಯೆಂದು ನಾನು ಮನೆಗೆ ತಂದಿಟ್ಟಿದ್ದ ಕಾಗದದ ಬಳಿಗೂ ಬಂದರು. ಸ್ನಾನ ಮಾಡಿ ಬಂದು ನೋಡುತ್ತೇನೆ, ವೃತ್ತದ ನಟ್ಟನಡುವೆ ಕೆಂಪಗೆ ಒಂದು ಬೊಟ್ಟು.

“ಅಪ್ಪ, ಇದಕ್ಯಾಕೆ ಇಟ್ರಿ?”

“ನನ್ ಕೆಲ್ಸ ಎಲ್ಲಾ ಇದ್ರಲ್ಲೇ ಇದೆ ಅಂದ್ಯಲ್ಲಮ್ಮ. ಬೊಟ್ಟಿಡೋಕೆ ಜಾಗಾನೂ ಗುರುತು ಹಾಕಿದ್ರು.”

ನನಗೆ ಅಳು ಬಂತು. ಇದ್ದದ್ದು ಅದೊಂದೇ ಹನಿ. ಇನ್ನೊಂದು ತರಿಸಲು ತಿಂಗಳುಗಟ್ಟಲೆ ಕಾಯಬೇಕು, ಯಾಕೆಂದು ಕೇಳಿದರೆ ಏನು ಹೇಳುವುದು? ಸಂಗತಿ ತಿಳಿದ ಅಪ್ಪ ಅಂದು ಹೋಳಿಗೆ ಮುಟ್ಟಲಿಲ್ಲ.

ರಜೆ ಮುಗಿದ ಮೇಲೆ ಲ್ಯಾಬಿನಲ್ಲಿ ವೃತ್ತವನ್ನು ಕತ್ತರಿಸಿ ಚೂರು ನೀರಿನಲ್ಲಿ ನೆನೆಸಿದೆ. ನೀರು ಕೆಂಪಾಯಿತು. ಭಯದ ನಡುವೆಯೂ ಕುತೂಹಲ ತಲೆಯೆತ್ತಿತು: ಕುಂಕುಮದ ಜೊತೆ ಈ ಬಳೆ ಹೇಗೆ ಬಾಳೀತು? ಕೆಂಪು ತಳಕ್ಕಿಳಿದ ಮೇಲೆ ತಿಳಿಯನ್ನು ಬ್ಯಾಕ್ಟೀರಿಯಾಕ್ಕೆ ಕೊಟ್ಟು, ಆಂಟಿಬಯೋಟಿಕ್ ಬೆರೆಸಿದ ತಟ್ಟೆಯಲ್ಲಿ ಹರಡಿದೆ. ಅಲ್ಲಿ ಪ್ಲಾಸ್ಮಿಡ್ ಹೊಕ್ಕವು ಮಾತ್ರ ಬದುಕುತ್ತವೆ. ಮರುದಿನ ಬೆಳಿಗ್ಗೆ ತಟ್ಟೆಯ ಮೇಲೆ ರವೆ ಚೆಲ್ಲಿದಂತೆ ಬಿಳಿಯ ಚುಕ್ಕೆಗಳು. ಮನೆಗೆ ಫೋನು ಮಾಡಿದೆ.

“ಬದುಕಿದ್ಯೇನಮ್ಮ ಅದು?” ಫೋನೆತ್ತಿದ ಅಪ್ಪ ಮೊದಲು ಕೇಳಿದ್ದೇ ಅದು.

“ಬದುಕಿದೆ ಅಪ್ಪ.”

ನಾನು ಹಿಂದೆಂದೋ ವಿವರಿಸಿದ್ದನ್ನು ಹಿಡಿದು, “ಅಲ್ಲಾ, ಸಕ್ರೆ ಬಿತ್ತು ಅಂತ ಅದಕ್ಕೆ ಗೊತ್ತಾಗೋದು ಹೆಂಗೆ?” ಎಂದರು. ಅಂದು ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಮುಂದಿನ ಪ್ರಶ್ನೆ ಸಿದ್ಧವಾಗಿತ್ತು. ಎಷ್ಟೋ ತಿಂಗಳಿಂದ ಬಾಯಿ ಬಿಡದಿದ್ದ ಮನುಷ್ಯ ಊಟ ಆರುವ ತನಕ ಕೇಳುತ್ತಲೇ ಇದ್ದರು, ಅಮ್ಮ ಬಾಗಿಲಲ್ಲಿ ನಿಂತು ಅವರನ್ನೇ ನೋಡುತ್ತಿದ್ದರು. ನನಗೆ ತುಂಬ ಸಂತೋಷವಾಯಿತು.

ಈಗ ನಾನು ಯಾರಿಗಾದರೂ ಪ್ಲಾಸ್ಮಿಡ್ ಕಳಿಸುವಾಗ ಕಾಗದದ ಮೇಲೆ ಎರಡು ವೃತ್ತ ಬರೆಯುತ್ತೇನೆ. ಒಂದರಲ್ಲಿ ಹನಿ ಒಣಗಿರುತ್ತದೆ, ಪಕ್ಕದಲ್ಲಿ ಅದರ ಹೆಸರಿರುತ್ತದೆ. ಇನ್ನೊಂದು ಖಾಲಿ. ಅದೇಕೆಂದು ಕೇಳಿದವರಿಗೆ, ನಿಮ್ಮ ಮನೆಯಲ್ಲಿ ಅಪ್ಪ ಇದ್ದರೆ ಬೇಕಾಗುತ್ತದೆ ಎನ್ನುತ್ತೇನೆ.