ಕೆಳಗಿನ ಪದರ

ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಕಂಡದ್ದನ್ನು ಕ್ರಮವಾಗಿ ಬರೆದು ತಿಳಿಸುವ ರೂಢಿ ನನಗಿನ್ನೂ ಕೈಗೂಡಿಲ್ಲ. ಎಡವಿದ ಕಡೆ ಊರಿನ ಓದುಗರು ತಾಳ್ಮೆಯಿಂದ ತಿದ್ದಿಕೊಳ್ಳಬೇಕು.

ರಾಜಾಜಿನಗರದ ಔಷಧ ಪರೀಕ್ಷಾಲಯಕ್ಕೆ ಕಾಲಿಟ್ಟ ದಿನ ನಾನು ಬೆಚ್ಚಿದ್ದು ಯಂತ್ರಗಳನ್ನು ಕಂಡಲ್ಲ. ಕಲಬುರಗಿ ಕಡೆಯ ನಮ್ಮ ಕಾಲೇಜಿನಲ್ಲಿ ದ್ರವಗಳನ್ನು ಬೇರ್ಪಡಿಸುವ ನಲ್ಲಿಯುಳ್ಳ ಗಾಜಿನ ಆಲಿಕೆ ಒಂದೇ ಇತ್ತು. ಸರ್ ಅದನ್ನು ಹಿಡಿಯುತ್ತಿದ್ದರು, ನಾವು ನೋಡುತ್ತಿದ್ದೆವು. ಇಲ್ಲಿ ಹನ್ನೆರಡು ಆಲಿಕೆಗಳು ತೊಳೆದ ಲೋಟಗಳಂತೆ ಸಿಂಕಿನ ಪಕ್ಕ ಬೋರಲು ಬಿದ್ದಿದ್ದವು. ಸಂದರ್ಶನದಲ್ಲಿ ನಾನು "ಅಭ್ಯಾಸವಿದೆ" ಎಂದಿದ್ದೆ.

ವಿಜಯನಗರದ ಪಿ.ಜಿ.ಯಲ್ಲಿ ಮೊದಲ ವಾರ ಮುದ್ದೆಯನ್ನು ರೊಟ್ಟಿಯಂತೆ ಅಗಿದೆ. "ಅಗೀಬೇಡ ಕಣಮ್ಮ, ನುಂಗು. ಹಲ್ಲಿಗೂ ರಜೆ ಬೇಡ್ವಾ?" ಎಂದು ಮಾಲೀಕರಾದ ಆಂಟಿ ನಕ್ಕರು. ನುಂಗಲು ಕಲಿತೆ. ಮೂರು ತಿಂಗಳಿಗೆ ಕೆಲಸ ಕಾಯಂ ಆದರೆ ಅವ್ವ ಮತ್ತು ತಂಗಿ ಇಲ್ಲಿಗೆ ಬರುವುದು, ತಂಗಿ ಇಲ್ಲಿಯೇ ಕಾಲೇಜು ಸೇರುವುದು ಎಂದು ತೀರ್ಮಾನವಾಗಿತ್ತು. "ಓಣಿ ಮಂದಿಗೆಲ್ಲ ಹೇಳೇನವ್ವ, ಇನ್ನ ಮರ್ಯಾದಿ ಕಳೀಬ್ಯಾಡ" ಎಂದು ಅವ್ವ ಫೋನಿನಲ್ಲಿ ನಗುತ್ತಿದ್ದಳು.

ಮೂರನೆಯ ತಿಂಗಳಲ್ಲಿ ನನ್ನ ಕೈಗೆ ಬಂದದ್ದು ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಎರಡೂ ಬೆರೆತ ನೋವಿನ ಮಾತ್ರೆ. ಪುಡಿಯನ್ನು ದ್ರಾವಕದಲ್ಲಿ ಕರಗಿಸಿ ಅಡುಗೆ ಸೋಡಾ ಬೆರೆಸಿದ ನೀರಿನೊಡನೆ ಕುಲುಕಿದರೆ, ಆಮ್ಲಗುಣದ ಐಬುಪ್ರೊಫೆನ್ ನೀರಿಗೆ ಇಳಿಯುತ್ತದೆ. ಪ್ಯಾರಾಸಿಟಮಾಲ್ ಬಹುಪಾಲು ದ್ರಾವಕದಲ್ಲೇ ಉಳಿಯುತ್ತದೆ. ಆ ನೀರಿಗೆ ಆಮ್ಲ ಬೆರೆಸಿದರೆ ಐಬುಪ್ರೊಫೆನ್ ಬೆಳ್ಳಗೆ ಮರಳಿ ಕಾಣಿಸಿಕೊಳ್ಳುತ್ತದೆ. ಕಾಲೇಜಿನಲ್ಲಿ ಸರ್ ಬಳಸಿದ್ದು ಕ್ಲೋರೊಫಾರ್ಮ್. ಅದು ಭಾರವಾದ್ದರಿಂದ ನೀರು ಮೇಲೆ ನಿಲ್ಲುತ್ತಿತ್ತು. ಇಲ್ಲಿಯೂ ನಾನು ಮೇಲಿನದನ್ನೇ ನೀರೆಂದು ತಿಳಿದು ಆಮ್ಲ ಹನಿಸಿದೆ. ಏನೂ ಕಾಣಲಿಲ್ಲ. "ಐಬುಪ್ರೊಫೆನ್ ಇಲ್ಲ" ಎಂದು ವರದಿ ಬರೆದೆ. ನನ್ನನ್ನು ನಂಬಿ ಮೇಲ್ವಿಚಾರಕಿ ವಿಮಲಾ ಮೇಡಂ ಸಹಿ ಹಾಕಿದರು.

ಗಾಜು ತೊಳೆಯುವಾಗ ನಲ್ಲಿಯ ನೀರು ಆ ಮೇಲಿನ ಪದರದ ಮೇಲೆ ಬಿತ್ತು; ಬೆರೆಯದೆ ಮಣಿಮಣಿಯಾಗಿ ತಳಕ್ಕಿಳಿಯಿತು. ನೀರು ನೀರಿನೊಡನೆ ಬೆರೆಯದಿರುವುದುಂಟೆ? ಈ ಊರಿನ ದ್ರಾವಕ ಹಗುರ, ಅದೇ ಮೇಲಿತ್ತು. ವರದಿ ಹೋದರೆ ಯಾರದೋ ಒಳ್ಳೆಯ ಮಾತ್ರೆಗಳು ಕಳಪೆಯೆನಿಸುತ್ತಿದ್ದವು. ಬಾಯಿಬಿಟ್ಟರೆ ನನ್ನ ಸುಳ್ಳು ಹೊರಬೀಳುತ್ತಿತ್ತು. ಲಕೋಟೆ ಕೊರಿಯರಿನವರ ಮೇಜಿನ ಮೇಲಿತ್ತು. ಅದನ್ನೆತ್ತಿಕೊಂಡು ಮೇಡಂ ಬಳಿ ಹೋಗಿ, ಪದರ ಅದಲುಬದಲಾದದ್ದನ್ನು ಹೇಳಿದೆ.

"ಕಾಲೇಜಲ್ಲಿ ಆಲಿಕೇನ ಕೈಯಲ್ಲಿ ಹಿಡ್ದಿದ್ಯೇನಮ್ಮ?"

"ಇಲ್ರೀ ಮೇಡಂ. ಸರ್ ಹಿಡೀತಿದ್ರು, ನಾವು ನೋಡ್ತಿದ್ದಿವ್ರಿ."

"ಇಂಟರ್‌ವ್ಯೂನಲ್ಲಿ ಏನಂದೆ ಮತ್ತೆ?"

ನಾನು ಲಕೋಟೆಯನ್ನು ಅವರ ಮುಂದಿಟ್ಟೆ. ಅವರು ಎದ್ದು, ನಾನು ಬೇರೆ ತೆಗೆದಿಟ್ಟಿದ್ದ ಕೆಳಗಿನ ಪದರಕ್ಕೆ ಆಮ್ಲ ಹನಿಸಿದರು. ನೊರೆಯೆದ್ದಿತು, ನೊರೆ ಅಡಗಿದಾಗ ದ್ರವ ಮಜ್ಜಿಗೆಯಂತೆ ಬೆಳ್ಳಗಾಗಿತ್ತು.

"ನೋಡು, ಇಲ್ಲೇ ಕೂತಿದೆ ಮಹಾರಾಯ. ನಾನೂ ನೋಡ್ದೆ ಸಹಿ ಹಾಕ್ದೆ, ನಂದೂ ತಪ್ಪೇ. ಆದ್ರೆ ಸುಳ್ಳು ಹೇಳಿದ್ದನ್ನ ಸಾಹೇಬ್ರಿಗೆ ನೀನೇ ಹೇಳ್ಬೇಕು. ನಡಿ, ಜೊತೇಲಿ ಬರ್ತೀನಿ."

ಕೆಲಸ ಉಳಿಯಿತು, ಕಾಯಂ ಆಗುವುದು ಆರು ತಿಂಗಳು ಮುಂದೆ ಹೋಯಿತು. ಅಷ್ಟರಲ್ಲಿ ಇಲ್ಲಿನ ಕಾಲೇಜುಗಳ ಪ್ರವೇಶ ಮುಗಿದು, ತಂಗಿ ಕಲಬುರಗಿಯಲ್ಲಿಯೇ ಸೇರಿ ಹಾಸ್ಟೆಲಿನಲ್ಲಿದ್ದಾಳೆ. ಈಗ ನನ್ನ ಕೆಲಸ ಕಾಯಂ ಆಗಿದೆ. ಅವ್ವ ಬ್ಯಾಡರಹಳ್ಳಿಯ ಒಂದು ಕೋಣೆಯ ಮನೆಯಲ್ಲಿ ನನ್ನೊಂದಿಗಿದ್ದಾಳೆ. ತಂಗಿಗೆ ರಜೆ ಬಂದಾಗ ಅವ್ವ ಊರಿಗೆ ಹೋಗಿ ಮನೆಯ ಬೀಗ ತೆಗೆಯುತ್ತಾಳೆ. ನಾವು ಮೂವರೂ ಒಂದೇ ಸೂರಿನಡಿ ಇರುವುದು ವರ್ಷಕ್ಕೆರಡು ಸಲ ಮಾತ್ರ.