ದಲ್ಲಾಳಿ ಸಿದ್ದಮಲ್ಲಪ್ಪನ ಮೂಗು

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ಗಾದೆಯನ್ನು ನಂಜನಗೂಡಿನ ಸಿದ್ದಮಲ್ಲಪ್ಪ ವೇದವಾಕ್ಯದಂತೆ ನಂಬಿದ್ದ. ಗಂಡು ಹೆಣ್ಣು ಕೂಡಿಸುವುದೇ ಅವನ ಕಸುಬು. ಹೆಣ್ಣು ನೋಡುವ ಮನೆಯಲ್ಲಿ ಯಾರು ಯಾರನ್ನು ಏನು ಕೇಳಿದರೂ, ಅವರು ಬಾಯಿ ತೆರೆಯುವ ಮೊದಲೇ ಇವನ ಉತ್ತರ ಸಿದ್ಧ. ನಿಜ ಹತ್ತಿರ ಸುಳಿಯುತ್ತಿದೆ ಅನ್ನಿಸಿದರೆ ಉಪ್ಪಿಟ್ಟಿನ ರುಚಿಯ ಕಡೆಗೆ ಮಾತು ಹೊರಳಿಸುತ್ತಿದ್ದ.

ಇಂಥ ನಾಲಿಗೆ ಕೊಟ್ಟ ದೇವರು ಎಂಥ ಮೂಗು ಕೊಟ್ಟಿದ್ದನೆಂದರೆ, ಭತ್ತದ ಕೊಯ್ಲು ಶುರುವಾಯಿತೆಂದರೆ ಅದು ನಲ್ಲಿಯಾಗುತ್ತಿತ್ತು. ಹೆಣ್ಣು ನೋಡುವ ಓಡಾಟವೂ ಆಗಲೇ ಜೋರು. ಶುಭಕಾರ್ಯದಲ್ಲಿ ಒಂಟಿ ಸೀನು ಬಿದ್ದರೆ ಕೆಲಸ ಕೆಟ್ಟಂತೆ, ಜೋಡಿಯಾದರೆ ದೋಷವಿಲ್ಲ. ಹಾಗಾಗಿ ಒಂದು ಸೀನು ಬಂದ ಕೂಡಲೇ ಸಿದ್ದಮಲ್ಲಪ್ಪ ಟವೆಲಿನ ತುದಿಯನ್ನು ಮೂಗಿಗೆ ತುರುಕಿ ಎರಡನೆಯದನ್ನು ಎಳೆದು ತರುತ್ತಿದ್ದ. ಈ ಸಲ ತಲಕಾಡಿನ ಒಂದು ಮನೆಯಲ್ಲಿ, ಹುಡುಗನ ಗುಣ ಬಂಗಾರ ಎನ್ನುತ್ತಲೇ ಸೀನಿದ. ಎಷ್ಟು ತಿಣುಕಿದರೂ ಎರಡನೆಯದು ಬರಲಿಲ್ಲ. ಹೆಣ್ಣಿನ ಅಜ್ಜಿ ಎದ್ದು ಒಳಗೆ ಹೋದಳು. ಸುದ್ದಿ ಹಬ್ಬಿತು, ಅವನನ್ನು ಕರೆಯುವವರು ಕಡಿಮೆಯಾದರು. ಕೈಯಲ್ಲಿ ಉಳಿದದ್ದು ಒಂದೇ ಸಂಬಂಧ: ನಂಜನಗೂಡಿನ ನಂಜೇಶ್, ಬನ್ನೂರಿನ ಮಧುಶ್ರೀ. ಇದೂ ಮುರಿದರೆ ಕಸುಬಿಗೇ ಎಳ್ಳುನೀರು.

ಹೆಂಡತಿ ಗುರುಬಸಮ್ಮ ಮೆಣಸಿನ ಕಷಾಯ ಕುಡಿಸಿದಳು, ಕಂಬಳಿ ಹೊದಿಸಿ ಹಬೆ ಹಿಡಿಸಿದಳು. ಕಂಬಳಿಯೊಳಗೆ ಇದ್ದಷ್ಟು ಹೊತ್ತು ಮೂಗು ಮಾತು ಕೇಳಿತು. ಕೊನೆಗೆ ಟಿ. ನರಸೀಪುರದ ಡಾಕ್ಟರ ಬಳಿ ಹೋದ.

"ಇದು ನೆಗಡಿ ಅಲ್ಲ, ಅಲರ್ಜಿ," ಎಂದರು ಡಾಕ್ಟರು. "ಭತ್ತದ ಧೂಳು ನಿಮಗೆ ಆಗಲ್ಲ. ಹೊರಗೆ ಹೋಗುವಾಗ ಮಾಸ್ಕ್ ಹಾಕ್ಕೊಳ್ಳಿ."

"ಮುಖ ಮುಚ್ಕಂಡು ಓದ್ರೆ ನನ್ನ ಯಾರು ಸಾ ನಂಬ್ತಾರೆ?"

ಡಾಕ್ಟರು ನಕ್ಕು ಮಾತ್ರೆ ಬರೆದರು. ರಾತ್ರಿ ಒಂದು ಸಾಕು, ನಿದ್ದೆ ಬರುತ್ತದೆ ಎಂದೂ ಹೇಳಿದರು.

ಹೆಣ್ಣು ನೋಡುವ ದಿನ ಬೆಳಿಗ್ಗೆ ಅವನು ಧೈರ್ಯಕ್ಕೆಂದು ಎರಡು ನುಂಗಿದ.

"ಅದು ರಾತ್ರಿ ತಕ್ಕಳದಲ್ವಾ?" ಎಂದಳು ಗುರುಬಸಮ್ಮ.

"ರಾತ್ರಿ ಒತ್ನಲ್ಲಿ ಎಣ್ಣು ನೋಡಕ್ಕೆ ಓಯ್ತಾರೇನೇ?"

ಕಾರಿನಲ್ಲಿ ನಂಜೇಶನ ತಾಯಿಗೆ ತಾನು ನುಂಗಿದ ಎರಡು ಮಾತ್ರೆಯ ಮಹಿಮೆಯನ್ನು ದಾರಿಯುದ್ದಕ್ಕೂ ಬಣ್ಣಿಸಿದ. ಬನ್ನೂರಿನ ಗದ್ದೆಗಳಲ್ಲಿ ಕೊಯ್ಲಿನ ಮೆಷಿನ್ ಧೂಳೆಬ್ಬಿಸುತ್ತಿದ್ದರೂ ಮೂಗು ಒಂದು ಹನಿ ಉದುರಿಸಲಿಲ್ಲ. ಅವನಿಗಾದ ಸಂತೋಷ ಅಷ್ಟಿಷ್ಟಲ್ಲ. ಹೆಣ್ಣಿನ ಮನೆಯಲ್ಲಿ ಗೋಡೆಗೊರಗಿ ಕೂತ. "ಇಂಜಿನಿಯರಿಂಗು ಯಾವ ವರ್ಷ ಮುಗೀತಪ್ಪ?" ಎಂದು ಹುಡುಗಿಯ ಅಪ್ಪ ಸೋಮಶೇಖರ್ ಹುಡುಗನನ್ನು ಕೇಳಿದ್ದು ಕಿವಿಗೆ ಬಿತ್ತು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಬಾಯಿಂದ ಹೊರಟಿದ್ದು ಗೊರಕೆ.

ಎಚ್ಚರವಾದಾಗ ಎಲ್ಲರಿಗೂ ಸಕ್ಕರೆ ಹಂಚುತ್ತಿದ್ದರು. ಅವನು ಗಾಬರಿಯಿಂದ ಸುತ್ತ ನೋಡಿದ.

"ಒಪ್ಗೆ ಆಯ್ತು ಕಣ್ರೀ," ಎಂದರು ಸೋಮಶೇಖರ್. "ಓದು ಮುಗುಸ್ನಿಲ್ಲ, ಅಪ್ಪನ ಅಂಗಡಿ ನೋಡ್ಕತಾ ಇವ್ನಿ ಅಂತ ಉಡುಗ್ನೇ ಬಾಯ್ಬುಟ್ಟು ಏಳ್ದ. ನಮ್ಮುಡ್ಗಿನೂ ಬ್ಯಾಂಕ್ ಕೆಲ್ಸ ಬುಡಕಿಲ್ಲ ಅಂದ್ಲು. ಇಬ್ರಿಗೂ ಸರಿ ಅನ್ನುಸ್ತು."

ಹುಡುಗ ಇಂಜಿನಿಯರ್ ಎಂದು ಹೆಣ್ಣಿನವರಿಗೂ, ಹುಡುಗಿ ಕೆಲಸ ಬಿಡುತ್ತಾಳೆ ಎಂದು ಗಂಡಿನವರಿಗೂ ಹೇಳಿದ್ದವನು ಸಿದ್ದಮಲ್ಲಪ್ಪನೇ. ಆ ಮಾತನ್ನು ಯಾರೂ ಎತ್ತಲಿಲ್ಲ. ಬೈದಿದ್ದರೆ ಏನಾದರೊಂದು ಸಮಜಾಯಿಷಿ ಹೇಳುತ್ತಿದ್ದ. ಸಕ್ಕರೆ ಕೊಟ್ಟರು, ಸುಮ್ಮನೆ ಬಾಯಿಗೆ ಹಾಕಿಕೊಂಡ. ಅವನಿಗೆ ನಿಜವಾಗಿ ನಾಚಿಕೆಯಾಗಿತ್ತು.

ಹೊರಡುವಾಗ ನಂಜೇಶನ ತಾಯಿ ಹತ್ತಿರ ಬಂದರು. "ನನ್ ತಮ್ಮನ ಮಗಳಿಗೂ ಗಂಡು ನೋಡ್ತಾ ಇದೀವಿ ಕಣ್ರೀ. ನೀವೇ ಬಂದು ಕೂತ್ಕಬೇಕು."

ಸಿದ್ದಮಲ್ಲಪ್ಪನ ಮುಖ ಅರಳಿತು. "ಅದಕ್ಕೇನಂತೆ, ಬತ್ತೀನಿ ಬುಡೀಮ್ಮ."

"ಬರುವಾಗ ಎರಡು ಮಾತ್ರೆ ತಕ್ಕಂಡೇ ಬನ್ನಿ," ಎಂದರು ಆಕೆ, ತೀರಾ ಗೌರವದಿಂದ.