ಚಪ್ಪಲಿ ಸ್ಟ್ಯಾಂಡಿನ ಮೇಲಿನ ಪ್ಯಾರಿಸ್

ಗಲ್ಫಿನ ಅಲ್ ಬರ್ಷಾ ಬಡಾವಣೆಯ ನಮ್ಮ ಮನೆಯ ಹಾಲ್‌ನಲ್ಲಿ ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ ನಗರ ಚಪ್ಪಲಿ ಸ್ಟ್ಯಾಂಡಿನ ಮೇಲೆ ಗೋಡೆಗೊರಗಿ ನಿಂತು ಒಂಬತ್ತು ವರ್ಷವಾಯಿತು. ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಾಡಿಗೆ ಕರಾರಿನಲ್ಲಿ ಗೋಡೆಗೆ ಮೊಳೆ ಹೊಡೆಯುವ ಬಗ್ಗೆ ಏನೋ ಎಚ್ಚರಿಕೆ ಇದೆ. ಜೊತೆಗೆ, ಹೇಗೂ ಮುಂದಿನ ವರ್ಷ ಮೈಸೂರಿಗೆ ಹೊರಟೇಬಿಡುತ್ತೇವಲ್ಲ ಎಂಬುದು ನನ್ನ ವಾರ್ಷಿಕ ಘೋಷಣೆ.

ಆ ಪ್ಯಾರಿಸ್ ಚಿತ್ರ ನನ್ನ ಹೆಂಡತಿ ಸುಧಾ ಅಬುಧಾಬಿಯ ಮ್ಯೂಸಿಯಂ ಅಂಗಡಿಯಲ್ಲಿ ಆಸೆಪಟ್ಟು ಕೊಂಡ ಮುದ್ರಿತ ಪ್ರತಿ. ಒದ್ದೆಯಾದ ಅಗಲ ರಸ್ತೆ, ಒಂದೇ ಎತ್ತರದ ಹೊಸ ಕಟ್ಟಡಗಳು, ಕೊಡೆ ಹಿಡಿದ ಗಂಡಹೆಂಡಿರು. ಬಂದವರಿಗೆಲ್ಲ ನಾನು ಅದರ ಮುಂದೆ ಬಗ್ಗಿ ನಿಂತು ಪಾಠ ಮಾಡುತ್ತೇನೆ: ಹಳೇ ಊರನ್ನು ಕೆಡವಿ ನೇರ ರಸ್ತೆ ಎಳೆದರು, ಮಧ್ಯಮ ವರ್ಗ ಇಸ್ತ್ರಿ ಬಟ್ಟೆ ಹಾಕಿಕೊಂಡು ತಿರುಗಾಡಲು ಕಲಿಯಿತು, ಚಿತ್ರಕಾರರಿಗೆ ದೇವರ, ರಾಜರ ಬದಲು ಆಫೀಸಿನವರು ಸಿಕ್ಕಿದರು. ಯಾರೂ ಯಾರ ಮುಖವನ್ನೂ ನೋಡದ ಆ ಗಾಂಭೀರ್ಯವನ್ನು ಬೆಳಿಗ್ಗೆ ಎಂಟಕ್ಕೆ ನಮ್ಮ ಮೆಟ್ರೋದಲ್ಲೂ ನೋಡಬಹುದು. ಪಾಠವೆಲ್ಲ ಚಿತ್ರದ ಜೊತೆ ಬಂದ ಚೀಟಿಯಲ್ಲಿತ್ತು ಎಂಬುದನ್ನು ಮಾತ್ರ ಹೇಳುವುದಿಲ್ಲ.

ಕೆಳಗಿನ ಮಹಡಿಯ ವಿಲ್ಫ್ರೆಡ್ ಮಂಗಳೂರಿನವರು, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವರು. ಮೊನ್ನೆ ಪಾಠವನ್ನೆಲ್ಲ ಸಹಿಸಿಕೊಂಡು ಕೇಳಿದರು:

"ಇವ್ರದ್ದೆಲ್ಲ ಸ್ವಂತ ಮನೆಯಾ ಮಾರಾಯ್ರೆ, ಬಾಡಿಗೆಯಾ?"

ಚೀಟಿಯಲ್ಲಿ ಅದಿರಲಿಲ್ಲ. ಫೋನಿನಲ್ಲಿ ಹುಡುಕಿದೆ. ಆ ಊರಿನ ಅನುಕೂಲಸ್ಥರಲ್ಲೂ ಬಹಳ ಮಂದಿ ಬಾಡಿಗೆ ಮನೆಯಲ್ಲೇ ಇದ್ದರಂತೆ. ಗೋಡೆ ತುಂಬ ಚಿತ್ರ ತೂಗುಹಾಕಿ, ಪಿಯಾನೋ ಇಟ್ಟು, ಹಾಯಾಗಿ ಇದ್ದರಂತೆ. ಇದನ್ನು ನಾನು ಗಟ್ಟಿಯಾಗಿ ಓದಬಾರದಿತ್ತು.

ಚಹಾ ತಂದ ಸುಧಾ ಟ್ರೇ ಹಿಡಿದುಕೊಂಡೇ ನಿಂತಳು.

"ಒಂಬತ್ತು ವರ್ಷದಿಂದ ಹೊರಡ್ತಾನೇ ಇದೀವಿ. ನಾನು ಈ ಮನೇಲಿ ಇರೋದು ಯಾವಾಗ ರೀ?"

ದನಿಯಲ್ಲಿ ಜಗಳವಿರಲಿಲ್ಲ. ಅವಳ ತವರಿನ ಒಳ್ಳೆಯ ತಟ್ಟೆಗಳು ಇನ್ನೂ ರಟ್ಟಿನ ಪೆಟ್ಟಿಗೆಯಲ್ಲೇ ಇರುವುದು ನೆನಪಾಗಿ ನನಗೆ ನಾಚಿಕೆಯಾಯಿತು.

ಅಲ್ಲೇ ಕೂತು ಕರಾರು ತೆಗೆದು ಓದಿದೆ. ಮಾಲೀಕರನ್ನು ಕೇಳದೆ ಮೊಳೆ ಹೊಡೆಯಬಾರದು ಎಂದಷ್ಟೇ ಇತ್ತು. ಕೇಳುವ ಗೋಜಿಗೇ ನಾನು ಹೋಗಿರಲಿಲ್ಲ. ಮೆಸೇಜ್ ಹಾಕಿದೆ. ಎರಡೇ ನಿಮಿಷದಲ್ಲಿ ಉತ್ತರ ಬಂತು: ಧಾರಾಳವಾಗಿ ಹೊಡೆಯಿರಿ, ಮನೆ ಬಿಡುವಾಗ ತೂತು ಮುಚ್ಚಿಸಿ.

ವಿಲ್ಫ್ರೆಡ್ ತಮ್ಮ ಮನೆಯಿಂದ ಡ್ರಿಲ್ ತಂದರು. ಕಾಂಕ್ರೀಟು ಸ್ವಲ್ಪ ಹೊತ್ತು ಸತಾಯಿಸಿತು, ಆಮೇಲೆ ಹಾಲ್ ತುಂಬ ಬಿಳಿ ಪುಡಿ. ಅವರು ಖಲಾಸ್ ಎಂದು ಚಿತ್ರ ಸಿಕ್ಕಿಸಿದಾಗ ಪ್ಯಾರಿಸ್ ತುಸು ಎಡಕ್ಕೆ ವಾಲಿತ್ತು. ನೆಟ್ಟಗೆ ಮಾಡಲು ನಾನು ಸ್ಟೂಲು ಹತ್ತಿದೆ. ಸುಧಾ ಇತ್ತ ನೋಡುತ್ತಲೇ ಇರಲಿಲ್ಲ. ಎದುರಿನ ಬೋಳು ಗೋಡೆಗೆ ಅಂಗೈ ಇಟ್ಟು ಎತ್ತರ ಅಳೆಯುತ್ತಿದ್ದಳು.

"ವಿಲ್ಫ್ರೆಡ್ ಅವ್ರೇ, ಡ್ರಿಲ್ ಈಗ್ಲೇ ತಗೊಂಡು ಹೋಗ್ಬೇಡಿ" ಎಂದಳು.